ವಚನದಿಂದ ಹಿತ್ತಲಿನವರೆಗೆ: ಸಭೆಯಲ್ಲಿ ಸೃಷ್ಟಿಪಾಲನೆ ಶುರು ಮಾಡುವ ಬಗೆ

"ಪರಿಸರಕ್ಕಾಗಿ ನಮ್ಮ ಚರ್ಚ್ ಸಭೆಯಲ್ಲಿ ಏನಾದರೂ ಮಾಡಬೇಕು ಅಂತಿದ್ದೇವೆ, ಎಲ್ಲಿಂದ ಶುರು ಮಾಡೋಣ?" ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಇದರ ಬೆನ್ನಿಗೇ ಇನ್ನೊಂದು ಬರುತ್ತದೆ: "ಪ್ರಾಣಿಗಳ ಮೇಲೆ ದೊರೆತನ ಮಾಡಿರಿ ಅಂತ ಸತ್ಯವೇದವೇ ಹೇಳಿದೆಯಲ್ಲ, ಇದೆಲ್ಲ ಯಾಕೆ ಅಂತ ಹಿರಿಯರು ಕೇಳಿದರೆ ಏನು ಹೇಳುವುದು?" ಎರಡಕ್ಕೂ ಸೇರಿಸಿ ಇಲ್ಲಿ ಉತ್ತರಿಸಿದ್ದೇವೆ.

ಸಾಮಾನ್ಯವಾಗಿ ಸಭೆಗಳು ಮೊದಲು ಕೈ ಹಾಕುವುದು ಗಿಡ ನೆಡುವ ಕಾರ್ಯಕ್ರಮಕ್ಕೆ. ಅದನ್ನು ಕೊನೆಗಿಟ್ಟುಕೊಳ್ಳಿ. ಸುವಾರ್ತೆಯಲ್ಲಿ ಬರುವ 'ಮನೆವಾರ್ತೆಯವನು' ಯಜಮಾನನ ಆಸ್ತಿಯನ್ನು ನೋಡಿಕೊಂಡು ಲೆಕ್ಕ ಒಪ್ಪಿಸುವ ಆಳು (ಲೂಕ 16:2). ಹೊಸದೇನನ್ನೋ ತರುವ ಮೊದಲು, ಈಗಾಗಲೇ ನಿಮ್ಮ ಕೈಯಲ್ಲಿರುವುದರ ಲೆಕ್ಕ ಹಾಕಬೇಕು: ಕಟ್ಟಡ, ನಲ್ಲಿ, ದೀಪ, ಹಬ್ಬಗಳು, ಗೋಪುರದ ಬಾವಲಿ, ಅಂಗಳದ ಬೆಕ್ಕು.

ಬೇಕಾಗುವುದು: ನಾಲ್ಕೈದು ಜನರ ತಂಡ (ಕಟ್ಟಡ ನೋಡಿಕೊಳ್ಳುವವರು ಮತ್ತು ಹೂವಿನ ಅಲಂಕಾರ ಮಾಡುವವರು ಇದರಲ್ಲಿ ಇರಲೇಬೇಕು), ಹಿಂದಿನ 12 ತಿಂಗಳ ವಿದ್ಯುತ್ ಬಿಲ್ಲು, ಒಂದು ಬಕೆಟ್, ಅಳತೆ ಟೇಪು, ನೋಟ್‌ಬುಕ್, ಮತ್ತು ಫೋನಿನಲ್ಲಿ ಕೇಳಿದರೆ ಉತ್ತರಿಸುವ ಒಬ್ಬ ಪಶುವೈದ್ಯರು.

ಹಂತ 1: ವಚನಗಳ ವಾದವನ್ನು ಮೊದಲೇ ಮುಗಿಸಿ

ಇದನ್ನು ಬಿಟ್ಟು ಮುಂದೆ ಹೋದರೆ ಆರನೇ ತಿಂಗಳಲ್ಲಿ ಕೆಲಸ ನಿಲ್ಲುತ್ತದೆ. ಎರಡು ವಾರ ಸತ್ಯವೇದ ಅಧ್ಯಯನಕ್ಕೆ ಇಡಿ.

ಆದಿಕಾಂಡ 1:28ರಲ್ಲಿ ಎರಡು ಹೀಬ್ರೂ ಕ್ರಿಯಾಪದಗಳಿವೆ. 'ಕಾಬಷ್' ಎಂದರೆ ವಶಮಾಡಿಕೊಳ್ಳುವುದು, 'ರಾದಾ' ಎಂದರೆ ದೊರೆತನ ಮಾಡುವುದು. ಎರಡೂ ಗಡಸು ಪದಗಳೇ. ಅವನ್ನು ಮೆತ್ತಗೆ ಮಾಡಲು ಹೋಗಬೇಡಿ, ಕೇಳುವವರಿಗೆ ಗೊತ್ತಾಗಿಬಿಡುತ್ತದೆ. ಅದರ ಬದಲು ಮುಂದಿನ ಎರಡು ವಚನ ಓದಿಸಿ. 1:29-30ರಲ್ಲಿ ಮನುಷ್ಯರಿಗೂ ಪ್ರಾಣಿಗಳಿಗೂ ಆಹಾರವಾಗಿ ಕೊಟ್ಟದ್ದು ಸಸ್ಯಗಳನ್ನು ಮಾತ್ರ. ಅಂದರೆ ಆ ದೊರೆತನದಲ್ಲಿ ಕೊಂದು ತಿನ್ನುವ ಅಪ್ಪಣೆ ಇನ್ನೂ ಸೇರಿರಲಿಲ್ಲ. ಇದೇ 'ರಾದಾ' ಪದ ಯೆಹೆಜ್ಕೇಲ 34:4ರಲ್ಲಿ ಮತ್ತೆ ಬರುತ್ತದೆ: ಬಲಹೀನ ಕುರಿಯನ್ನು ಬಲಪಡಿಸದೆ, ಗಾಯ ಕಟ್ಟದೆ, ಹಿಂಸೆಯಿಂದ ಆಳಿದ ಕುರುಬರನ್ನು ದೇವರು ತರಾಟೆಗೆ ತೆಗೆದುಕೊಳ್ಳುವಲ್ಲಿ. ಕೆಟ್ಟ ದೊರೆತನ ಯಾವುದೆಂದು ಸತ್ಯವೇದವೇ ತೋರಿಸಿದ ಹಾಗಾಯಿತು.

ನಂತರ 2:15ಕ್ಕೆ ಬನ್ನಿ. ತೋಟದಲ್ಲಿ ಮನುಷ್ಯನ ಕೆಲಸ 'ಆಬದ್' ಮತ್ತು 'ಶಾಮರ್', ದುಡಿಯುವುದು ಮತ್ತು ಕಾಯುವುದು. ಇದೇ ಜೋಡಿ ಪದ ಅರಣ್ಯಕಾಂಡ 3:7-8ರಲ್ಲಿ ದೇವದರ್ಶನದ ಗುಡಾರದಲ್ಲಿ ಲೇವಿಯರು ಮಾಡುವ ಸೇವೆಗೂ ಬಂದಿದೆ. "ಯೆಹೋವನು ನಿನ್ನನ್ನು ಆಶೀರ್ವದಿಸಿ ಕಾಪಾಡಲಿ" ಎಂದು ಆರಾಧನೆಯ ಕೊನೆಗೆ ಕೇಳುತ್ತೀರಲ್ಲ (ಅರಣ್ಯಕಾಂಡ 6:24), ಅಲ್ಲಿಯ 'ಕಾಪಾಡಲಿ' ಕೂಡ ಶಾಮರ್ ಧಾತುವಿನದೇ.

ಮೂರನೆಯದಾಗಿ ಮೋಶೆಯ ಧರ್ಮಶಾಸ್ತ್ರದ ನೇರ ಆಜ್ಞೆಗಳು. ಏಳನೇ ದಿನದ ಸಬ್ಬತ್ ವಿಶ್ರಾಂತಿ ಎತ್ತಿಗೂ ಕತ್ತೆಗೂ ಉಂಟು (ವಿಮೋಚನಕಾಂಡ 23:12). ಹಗೆಯವನ ಕತ್ತೆಯೇ ಹೊರೆಯಡಿ ಬಿದ್ದಿದ್ದರೂ ಎಬ್ಬಿಸಬೇಕು (23:5). ಏಳನೇ ವರ್ಷ ಬೀಳುಬಿಟ್ಟ ಹೊಲದಲ್ಲಿ ಬಡವರು ಉಣ್ಣಬೇಕು, ಅವರು ಬಿಟ್ಟದ್ದನ್ನು ಕಾಡುಪ್ರಾಣಿಗಳು ತಿನ್ನಬೇಕು (23:11). ಕಣ ತುಳಿಯುವ ಎತ್ತಿನ ಬಾಯಿ ಕಟ್ಟಬಾರದು (ಧರ್ಮೋಪದೇಶಕಾಂಡ 25:4). ಗೂಡಿನಲ್ಲಿ ಮರಿಗಳ ಜೊತೆ ತಾಯಿಹಕ್ಕಿಯನ್ನು ಹಿಡಿಯಬಾರದು (22:6-7). ಪಟ್ಟಣಕ್ಕೆ ಮುತ್ತಿಗೆ ಹಾಕಿದಾಗಲೂ ಹಣ್ಣಿನ ಮರ ಕಡಿಯಬಾರದು (20:19). ಜಲಪ್ರಳಯದ ನಂತರದ ಒಡಂಬಡಿಕೆ ನೋಹನೊಂದಿಗೆ ಮಾತ್ರವಲ್ಲ, ನಾವೆಯಿಂದ ಹೊರಬಂದ ಪ್ರತಿ ಜೀವಿಯೊಂದಿಗೂ ಆಯಿತು (ಆದಿಕಾಂಡ 9:9-10). ಅಧ್ಯಯನಕ್ಕೆ ಇಷ್ಟು ಸಾಕು.

ಇಲ್ಲಿ ತಪ್ಪುವುದು ಎಲ್ಲಿ? ಹಿತವಾದ ವಚನಗಳನ್ನಷ್ಟೇ ಆರಿಸಿಕೊಳ್ಳುವಲ್ಲಿ. ಸಭೆಯಲ್ಲಿ ಯಾರೋ ಒಬ್ಬರು ಈ ಮೂರರಲ್ಲಿ ಒಂದನ್ನು ಎತ್ತೇ ಎತ್ತುತ್ತಾರೆ, ಸಿದ್ಧವಾಗಿರಿ:

- *"ದೇವರು ಎತ್ತುಗಳಿಗಾಗಿ ಚಿಂತಿಸುತ್ತಾನೋ?"* (1 ಕೊರಿಂಥ 9:9). ಕಣ ತುಳಿಯುವ ಎತ್ತಿನ ಆಜ್ಞೆಯನ್ನೇ ಹಿಡಿದು ಪೌಲನು ಇಲ್ಲಿ ಮಾತಾಡುತ್ತಿರುವುದು ಸುವಾರ್ತೆ ಸಾರುವವರ ಜೀವನಾಧಾರದ ಬಗ್ಗೆ. ಎತ್ತಿಗೇ ಹಕ್ಕಿದೆಯೆಂದ ಮೇಲೆ ಸೇವಕನಿಗೆ ಇಲ್ಲವೇ ಎಂಬ ವಾದ ನಿಲ್ಲಬೇಕಾದರೆ ಎತ್ತಿನ ಹಕ್ಕು ಮೊದಲು ನಿಲ್ಲಬೇಕು.
- *ಭೂಮಿಯೇ ಸುಟ್ಟುಹೋಗುತ್ತದಲ್ಲ?* (2 ಪೇತ್ರ 3:10). ಅದೇ ಅಧ್ಯಾಯ ಜಲಪ್ರಳಯದಲ್ಲಿ ಲೋಕ ನಾಶವಾಯಿತು ಎನ್ನುತ್ತದೆ (3:6). ಆದರೂ ನೆಲ ಉಳಿಯಿತು. ರೋಮಾ 8:21ರಲ್ಲಿ ಸೃಷ್ಟಿಗೆ ಕಾದಿರುವುದು ಬಿಡುಗಡೆ.
- *ಮಾಂಸ ತಿನ್ನುವುದು ಪಾಪವೋ?* ಆದಿಕಾಂಡ 9:3ರಲ್ಲಿ ಅನುಮತಿ ಇದೆ, ಅದರ ಹಿಂದೆಯೇ ರಕ್ತದ ಬಗ್ಗೆ ಮಿತಿಯೂ ಇದೆ. ತಿನ್ನುವವನು ತಿನ್ನದವನನ್ನು, ತಿನ್ನದವನು ತಿನ್ನುವವನನ್ನು ಹೀನೈಸಬಾರದು ಎಂದು ರೋಮಾ 14:3 ಹೇಳುತ್ತದೆ. ಊಟದ ತಟ್ಟೆಯ ಮೇಲೆ ಜಗಳ ಶುರುವಾದರೆ ಉಳಿದ ಕೆಲಸ ಕೆಡುತ್ತದೆ.

"ಇದು ಈಗಿನ ಫ್ಯಾಷನ್" ಎನ್ನುವವರಿಗೆ ಒಂದು ಇಸವಿ ಸಾಕು: ಪ್ರಾಣಿಹಿಂಸೆ ತಡೆಯಲು 1824ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಸಂಘದ ಸಭೆ ಕರೆದವರು ಆರ್ಥರ್ ಬ್ರೂಮ್ ಎಂಬ ಆಂಗ್ಲಿಕನ್ ಪಾದ್ರಿ, ಗುಲಾಮಗಿರಿ ವಿರುದ್ಧ ಹೋರಾಡಿದ ವಿಲಿಯಂ ವಿಲ್ಬರ್‌ಫೋರ್ಸ್ ಅಲ್ಲಿದ್ದರು.

ಹಂತ 2: ಸುತ್ತಾಡಿ ಪಟ್ಟಿ ಮಾಡಿ

ಒಂದೇ ಜಾಗವನ್ನು ಮೂರು ಹೊತ್ತಿನಲ್ಲಿ ನೋಡಿ: ಆರಾಧನೆ ನಡೆಯುವಾಗ, ವಾರದ ಮಧ್ಯೆ ಖಾಲಿ ಇರುವಾಗ, ಮತ್ತು ಕತ್ತಲಾದ ಮೇಲೆ. ಮೂರನೆಯದನ್ನು ಎಲ್ಲರೂ ಬಿಡುತ್ತಾರೆ. ಶಿಲುಬೆಯ ಮೇಲಿನ ದೀಪ ರಾತ್ರಿಯೆಲ್ಲ ಉರಿಯುವುದು ಆಗ ಮಾತ್ರ ಕಣ್ಣಿಗೆ ಬೀಳುತ್ತದೆ.

ಬರೆದುಕೊಳ್ಳಬೇಕಾದ್ದು: ಸೋರುವ ನಲ್ಲಿಗಳು (ಬಕೆಟ್ ಇಟ್ಟು ಒಂದು ಗಂಟೆ ಹಿಡಿದು 24ರಿಂದ ಗುಣಿಸಿ, "ಸ್ವಲ್ಪ ಸೋರುತ್ತದೆ" ಎಂದು ಬರೆಯಬೇಡಿ), ಖಾಲಿ ಕೋಣೆಯಲ್ಲಿ ಉರಿಯುವ ದೀಪಗಳು, ಹಕ್ಕಿ ಬಡಿಯುವ ಗಾಜುಗಳು, ಗೂಡುಗಳು, ಇಲಿಪಾಷಾಣ ಇಟ್ಟ ಜಾಗ, ಬುಡಕ್ಕೆ ಸಿಮೆಂಟ್ ಮೆತ್ತಿಸಿಕೊಂಡ ಮರಗಳು, ಕಸ ಸುಡುವ ಗುಂಡಿ. ವಿದ್ಯುತ್ ಮೀಟರನ್ನು ಆರಾಧನೆಗೆ ಮೊದಲು ಮತ್ತು ನಂತರ ಓದಿ. ವಾರದ ಉಳಿದ ದಿನಗಳ ಬಳಕೆ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿದ್ದರೆ ಎಲ್ಲೋ ಏನೋ ಸುಮ್ಮನೆ ಓಡುತ್ತಿದೆ ಎಂದರ್ಥ.

ಹಂತ 3: ಈಗಾಗಲೇ ಇರುವ ಪ್ರಾಣಿಗಳು

'ಐದು ಸ್ವಾತಂತ್ರ್ಯ' ಎಂಬ ಅಳತೆಗೋಲನ್ನು ಪಶುವೈದ್ಯರು ದಶಕಗಳಿಂದ ಬಳಸುತ್ತಿದ್ದಾರೆ: ಹಸಿವು-ಬಾಯಾರಿಕೆಯಿಂದ, ಇಕ್ಕಟ್ಟು-ಬಿಸಿಲು-ಚಳಿಯ ಕಷ್ಟದಿಂದ, ನೋವು-ರೋಗದಿಂದ, ಭಯದಿಂದ ಬಿಡುಗಡೆ, ಮತ್ತು ತನ್ನ ಸಹಜ ರೀತಿಯಲ್ಲಿ ನಡೆದುಕೊಳ್ಳುವ ಅವಕಾಶ. ನಿಮ್ಮ ಪಟ್ಟಿಯ ಪ್ರತಿ ಪ್ರಾಣಿಗೂ ಈ ಐದನ್ನು ಹಚ್ಚಿ ನೋಡಿ.

*ಬೀದಿ ನಾಯಿ, ಬೆಕ್ಕು.* ಅನ್ನ ಹಾಕುವುದು ಸುಲಭ, ಅಲ್ಲಿಗೇ ನಿಲ್ಲಿಸುವುದು ತಪ್ಪು. ಸಂತಾನಹರಣ ಶಸ್ತ್ರಚಿಕಿತ್ಸೆ ಇಲ್ಲದೆ ಊಟ ಮಾತ್ರ ಹಾಕಿದರೆ ವರ್ಷದೊಳಗೆ ಮರಿಗಳು ಹೆಚ್ಚಿ, ಜಗಳ-ರೋಗ ಹೆಚ್ಚಿ, ಕೊನೆಗೆ ಯಾರೋ ಅವನ್ನು ಹೊಡೆದೋಡಿಸುತ್ತಾರೆ. ಮೊದಲು ಶಸ್ತ್ರಚಿಕಿತ್ಸೆ ಮತ್ತು ರೇಬೀಸ್ ಲಸಿಕೆ. ಆಮೇಲೆ ದಿನಕ್ಕೆ ಒಂದೇ ಹೊತ್ತು, ಒಂದೇ ಜಾಗದಲ್ಲಿ, ಬಾಗಿಲು ಮತ್ತು ಮಕ್ಕಳ ಆಟದ ಜಾಗದಿಂದ ದೂರದಲ್ಲಿ ಊಟ. ಅರ್ಧ ಗಂಟೆಯ ನಂತರ ಉಳಿದದ್ದನ್ನು ತೆಗೆದುಬಿಡಿ.

*ಇಲಿಗಳು.* ಪಾಷಾಣ ತಿಂದ ಇಲಿಯನ್ನು ಗೂಬೆ ತಿಂದರೆ ವಿಷ ಗೂಬೆಗೂ ಏರುತ್ತದೆ. ಅಂಟಿನ ಹಲಗೆಯಲ್ಲಿ ಪ್ರಾಣಿ ಗಂಟೆಗಟ್ಟಲೆ ನರಳಿ ಸಾಯುತ್ತದೆ. ಸುಂಡಿಲಿಗೆ ಸುಮಾರು 6 ಮಿಲಿಮೀಟರ್ ಸಂದು ಸಾಕು, ಆದ್ದರಿಂದ ನಿಜವಾದ ಉಪಾಯ ಸಂದು ಮುಚ್ಚುವುದು: ಉಕ್ಕಿನ ನಾರು ತುರುಕಿ ಮೇಲೆ ಗಾರೆ ಹಾಕಿ. ಸಂಡೇ ಸ್ಕೂಲಿನ ತಿಂಡಿ ಡಬ್ಬಿಗೆ ಬಿಗಿ ಮುಚ್ಚಳ ಹಾಕಿ.

*ಗೋಪುರದ ಬಾವಲಿ, ಪಾರಿವಾಳ.* ಬಲೆ ಕಟ್ಟಿಸುವ ಮೊದಲು ಮೊಟ್ಟೆ ಮರಿಗಳಿವೆಯೇ ನೋಡಿ. ಇದ್ದರೆ ಅವು ಹಾರುವವರೆಗೆ ಕಾಯಿರಿ. ಮರಿಗಳಿರುವಾಗ ದಾರಿ ಮುಚ್ಚಿದರೆ ಅವು ಒಳಗೇ ಸತ್ತು ಕೊಳೆಯುತ್ತವೆ. ಬಾವಲಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ, ರೇಬೀಸ್ ಅಪಾಯವಿದೆ.

*ಕೆಳಗೆ ಬಿದ್ದ ಮರಿಹಕ್ಕಿ.* ಪುಕ್ಕ ಬಂದು ಕುಪ್ಪಳಿಸುತ್ತಿದ್ದರೆ ಹಾರಲು ಕಲಿಯುತ್ತಿದೆ, ಬಿಟ್ಟುಬಿಡಿ. ಪುಕ್ಕವಿಲ್ಲದ್ದಾದರೆ ಗೂಡಿಗೇ ಮರಳಿಸಿ. ಮನುಷ್ಯ ಮುಟ್ಟಿದರೆ ತಾಯಿ ಬಿಟ್ಟುಬಿಡುತ್ತದೆ ಎಂಬುದು ಸುಳ್ಳು.

ಹಂತ 4: ಹಬ್ಬಗಳ ಕ್ಯಾಲೆಂಡರ್ ತಿದ್ದಿ

ಹೆಚ್ಚಿನ ಹಾನಿ ಆಗುವುದು ಇಲ್ಲಿ, ಅದೂ ಒಳ್ಳೆಯ ಮನಸ್ಸಿನಿಂದಲೇ.

ಈಸ್ಟರಿಗೆ ಬಲಿಪೀಠದ ಬಳಿ ಇಡುವ ಬಿಳಿ ಲಿಲ್ಲಿ ಬೆಕ್ಕಿಗೆ ಮಾರಕ. ಎಲೆ, ದಳ, ಪರಾಗ, ಹೂದಾನಿಯ ನೀರು, ಯಾವುದು ಹೊಟ್ಟೆಗೆ ಹೋದರೂ ಮೂತ್ರಪಿಂಡ ಕೆಡುತ್ತದೆ. ಮೈಗೆ ಅಂಟಿದ ಪರಾಗವನ್ನು ನೆಕ್ಕಿದರೂ ಸಾಕು. ಆರಾಧನೆಯ ನಂತರ ಆ ಹೂಗಳನ್ನು ಮನೆಮನೆಗೆ ಹಂಚುವ ರೂಢಿಯಿದ್ದರೆ, ಬೆಕ್ಕಿರುವ ಮನೆಗೆ ಕೊಡಬೇಡಿ. ಚಾಕೊಲೇಟ್ ಮೊಟ್ಟೆಯಲ್ಲಿರುವ ಥಿಯೊಬ್ರೊಮಿನ್ ನಾಯಿಗೆ ವಿಷ. ಬಣ್ಣ ಕಪ್ಪಾದಷ್ಟೂ ಅಪಾಯ ಹೆಚ್ಚು. ಕ್ರಿಸ್ಮಸ್ ಕೇಕಿನ ಒಣದ್ರಾಕ್ಷಿಯೂ ನಾಯಿಯ ಮೂತ್ರಪಿಂಡಕ್ಕೆ ಅಪಾಯ. ನಾಯಿ ತಿಂದದ್ದು ಗೊತ್ತಾದರೆ ವಾಂತಿ ಮಾಡಿಸಲು ಮನೆಮದ್ದು ಮಾಡುತ್ತ ಕೂರದೆ ಕೂಡಲೇ ವೈದ್ಯರಿಗೆ ಫೋನ್ ಮಾಡಿ, ಎಷ್ಟು ತಿಂದಿತು ಮತ್ತು ನಾಯಿಯ ತೂಕ ಎಷ್ಟು ಎಂದು ಹೇಳಿ.

ಮದುವೆಗೆ, ಸಮಾಧಿ ಆರಾಧನೆಗೆ ಬಿಳಿ ಪಾರಿವಾಳ ಹಾರಿಸುವುದನ್ನು ನಿಲ್ಲಿಸಿ. ಪಂಜರದಲ್ಲಿ ಬೆಳೆದ ಬಿಳಿ ಹಕ್ಕಿಗೆ ಮನೆಗೆ ಮರಳುವ ತರಬೇತಿ ಇಲ್ಲದಿದ್ದರೆ ಆಹಾರ ಹುಡುಕಲು ಬರುವುದಿಲ್ಲ, ಬಣ್ಣದಿಂದಾಗಿ ಗಿಡುಗನಿಗೆ ಸುಲಭದ ಬೇಟೆ. ನೋಹನ ಪಾರಿವಾಳಕ್ಕೆ ಹಿಂದಿರುಗಲು ನಾವೆ ಇತ್ತು. ಬಲೂನು, ಹಾರಿಬಿಡುವ ಆಕಾಶದೀಪಗಳೂ ಅಷ್ಟೇ: ಮೇಲೆ ಹೋದದ್ದು ಎಲ್ಲೋ ಕೆಳಗೆ ಬಿದ್ದು ದನದ ಹೊಟ್ಟೆ, ಆಮೆಯ ಹೊಟ್ಟೆ ಸೇರುತ್ತದೆ.

ಹೂವಿನ ಅಲಂಕಾರದವರು ಬಳಸುವ, ಒತ್ತಿದರೆ ಪುಡಿಯಾಗುವ ಹಸಿರು ಸ್ಪಂಜು ಪ್ಲಾಸ್ಟಿಕ್. ಅದರ ಪುಡಿ ನೀರಿನೊಂದಿಗೆ ಚರಂಡಿಗೆ ಹೋಗುತ್ತದೆ. ಬದಲಿಗೆ ಮುದುಡಿಸಿದ ಕೋಳಿಬಲೆಯ ತಂತಿ ಅಥವಾ ಹೂವಿನ ದಂಟು ಚುಚ್ಚಿ ನಿಲ್ಲಿಸುವ ಮುಳ್ಳುಹಲಗೆ ಕೊಡಿಸಿ. ಎರಡೂ ವರ್ಷಾನುಗಟ್ಟಲೆ ಬಾಳುತ್ತವೆ. ಇದನ್ನು ಸುತ್ತೋಲೆಯಲ್ಲಿ ನಿಷೇಧಿಸಬೇಡಿ, ಹೂವಿನವರ ಜೊತೆ ಒಂದು ಶನಿವಾರ ಕೂತು ಮಾಡಿ ನೋಡಿ. ಇಲ್ಲದಿದ್ದರೆ ಸ್ಪಂಜು ಕಪಾಟಿನ ಹಿಂದೆ ಅಡಗಿ ಕೂರುತ್ತದೆ.

ಗೋದಲಿಗೆ ಅಥವಾ ಗರಿಗಳ ಭಾನುವಾರದ ಮೆರವಣಿಗೆಗೆ ಜೀವಂತ ಕತ್ತೆ ತರುವ ಯೋಚನೆ ಇದ್ದರೆ ಗಮನಿಸಿ. ಕತ್ತೆಗಳು ಜೋಡಿಯಾಗಿ ಗಾಢವಾಗಿ ಹೊಂದಿಕೊಂಡಿರುತ್ತವೆ. ಒಂದನ್ನೇ ತಂದರೆ ಗಾಬರಿಯಿಂದ ತಿನ್ನುವುದು ಬಿಡಬಹುದು. ಮೇವು ಬಿಟ್ಟ ಕತ್ತೆಯ ರಕ್ತದಲ್ಲಿ ಕೊಬ್ಬೇರಿ ಅದು ಸಾಯುವುದೂ ಉಂಟು. ಜೊತೆಗಾರನನ್ನೂ ತನ್ನಿ. ಸವಾರಿಗೆ ಸಾಮಾನ್ಯವಾಗಿ ಒಪ್ಪುವ ಮಿತಿ ಸುಮಾರು 50 ಕಿಲೋ, ಅಂದರೆ ಯೇಸುವಿನ ಪಾತ್ರ ಮಾಡುವ ವಯಸ್ಕರು ಪಕ್ಕದಲ್ಲಿ ನಡೆಯುವುದೇ ಸರಿ. ನೆರಳು, ನೀರು, ಹುಲ್ಲು ಇರಲಿ, ಒಂದು ಗಂಟೆಗಿಂತ ಹೆಚ್ಚು ನಿಲ್ಲಿಸಬೇಡಿ, ಪಟಾಕಿ ಬೇಡ. ಸಂಡೇ ಸ್ಕೂಲ್ ಮಕ್ಕಳಿಗೆ ಕೋಳಿಮರಿ ಉಡುಗೊರೆ ಕೊಡುವುದಂತೂ ಬೇಡವೇ ಬೇಡ.

ಹಂತ 5: ನೀರು, ಬೆಳಕು, ಕಸ, ಮರ

*ಮಳೆನೀರು.* 1 ಚದರ ಮೀಟರ್ ಮಾಡಿನ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್ ನೀರು. 200 ಚದರ ಮೀಟರ್ ಮಾಡು, 10 ಮಿಲಿಮೀಟರ್ ಮಳೆ ಎಂದರೆ 2,000 ಲೀಟರ್. ಸೋರಿಕೆ, ಆವಿ ಕಳೆದು 1,600 ಎಂದು ಲೆಕ್ಕ ಹಿಡಿಯಿರಿ. ಮೊದಲ ನೀರು ಹಕ್ಕಿಹಿಕ್ಕೆ, ಧೂಳು ತೊಳೆದು ತರುತ್ತದೆ, ಅದನ್ನು ಹೊರಗೆ ಬಿಡುವ ಕವಾಟ ಇರಲಿ. ತೊಟ್ಟಿಗೆ ಸೊಳ್ಳೆ ನುಗ್ಗದ ಜಾಲರಿ ಹಾಕಿ.

*ಹಕ್ಕಿಗಳ ನೀರಿನ ಪಾತ್ರೆ.* ಆಳ 3ರಿಂದ 5 ಸೆಂಟಿಮೀಟರ್, ನಡುವೆ ಒಂದು ಒರಟು ಕಲ್ಲು. ದಿನಾ ನೀರು ಬದಲಿಸಿ, ವಾರಕ್ಕೆ ಎರಡು ಸಲ ಉಜ್ಜಿ ತೊಳೆಯಿರಿ. ತೊಳೆಯುವವರ ಹೆಸರು ಬರೆದಿಡದಿದ್ದರೆ ಪಾತ್ರೆ ಇಡಬೇಡಿ. ಕೊಳಕು ಪಾತ್ರೆ ರೋಗ ಹರಡುತ್ತದೆ, ಸೊಳ್ಳೆ ಸಾಕುತ್ತದೆ.

*ಗಾಜು.* ಹಕ್ಕಿ ಬಡಿಯುವ ಕಿಟಕಿಗೆ ಹೊರಮೈಯಲ್ಲಿ ಚುಕ್ಕೆ ಅಥವಾ ಗೆರೆ ಅಂಟಿಸಿ, ನಡುವಿನ ಅಂತರ 5 ಸೆಂಟಿಮೀಟರ್ ಮೀರದಿರಲಿ. ಗಿಡುಗದ ಒಂದೇ ಚಿತ್ರ ಅಂಟಿಸಿದರೆ ಉಪಯೋಗವಿಲ್ಲ. ಹಕ್ಕಿ ಅದರ ಪಕ್ಕದ ಗಾಜಿಗೆ ಬಡಿಯುತ್ತದೆ.

*ಬೆಳಕು.* ಗೋಪುರಕ್ಕೆ ಕೆಳಗಿನಿಂದ ಬೀಳುವ ದೀಪ ರಾತ್ರಿ ವಲಸೆ ಹೋಗುವ ಹಕ್ಕಿಗಳ ದಾರಿ ತಪ್ಪಿಸುತ್ತದೆ. ರಾತ್ರಿ 10ಕ್ಕೆ ಆರುವ ಹಾಗೆ ಟೈಮರ್ ಹಾಕಿಸಿ. ಬಾಗಿಲ ದೀಪಕ್ಕೆ ಮೇಲ್ಮುಚ್ಚಳ ಇರಲಿ, ಬಣ್ಣ 2,700 ಕೆಲ್ವಿನ್ ಆಸುಪಾಸಿನ ಹಳದಿ ಇರಲಿ.

*ಗೊಬ್ಬರ.* ಎಲೆ ಸುಡುವುದನ್ನು ನಿಲ್ಲಿಸಿ ಉದ್ದ, ಅಗಲ, ಎತ್ತರ ತಲಾ 1 ಮೀಟರಿನ ಗೂಡು ಕಟ್ಟಿ. ಒಣ ಎಲೆ ಎರಡು ಮೂರು ಪಾಲು, ಹಸಿ ಹೂವು-ಸಿಪ್ಪೆ ಒಂದು ಪಾಲು. ಹಿಂಡಿದ ಬಟ್ಟೆಯಷ್ಟು ತೇವ ಸಾಕು. ನಾರುತ್ತಿದ್ದರೆ ಹಸಿ ಹೆಚ್ಚಾಗಿದೆ, ಒಣ ಎಲೆ ಬೆರೆಸಿ ಮಗುಚಿ. ಏನೂ ಆಗದೆ ಕೂತಿದ್ದರೆ ನೀರು ಕಡಿಮೆ. ಮಾಲೆಯ ಪ್ಲಾಸ್ಟಿಕ್ ದಾರ, ಜರಿ ಮೊದಲೇ ತೆಗೆದುಬಿಡಿ.

*ಕೊನೆಗೆ ಗಿಡ.* ಮೂರು ವರ್ಷ ನೀರು ಹಾಕಲು ಎಷ್ಟು ಗಿಡಕ್ಕೆ ಜನರಿದ್ದಾರೋ ಅಷ್ಟೇ ನೆಡಿ. ಆ ನೆಲದ್ದೇ ಜಾತಿ ಇರಲಿ. ಕಾಂಡ ಅಗಲವಾಗಿ ಬೇರಾಗುವ ಜಾಗ ಮಣ್ಣಿನ ಮಟ್ಟಕ್ಕಿರಬೇಕು. ಆಳಕ್ಕೆ ಹೂತರೆ ಕಾಂಡ ಕೊಳೆಯುತ್ತದೆ. ಬುಡದ ಸುತ್ತ 5ರಿಂದ 10 ಸೆಂಟಿಮೀಟರ್ ದಪ್ಪಕ್ಕೆ ಎಲೆ ಹಾಸಿ, ಆದರೆ ಕಾಂಡಕ್ಕೆ ತಾಗಿಸಬೇಡಿ. ಹಳೆಯ ಮರದ ಬುಡದ ಸಿಮೆಂಟ್ ಒಡೆಸುವುದು ಹತ್ತು ಸಸಿ ನೆಟ್ಟದ್ದಕ್ಕಿಂತ ಮೇಲು, ಫೋಟೋ ಮಾತ್ರ ಅಷ್ಟು ಚೆನ್ನಾಗಿ ಬರುವುದಿಲ್ಲ.

ಹಂತ 6: ಪ್ರಾಣಿಗಳ ಆಶೀರ್ವಾದದ ಆರಾಧನೆ

ಪ್ರಾಣಿಪ್ರಿಯ ಸಂತ ಅಸ್ಸಿಸಿಯ ಫ್ರಾನ್ಸಿಸರ ದಿನವಾದ ಅಕ್ಟೋಬರ್ 4ರ ಹೊತ್ತಿಗೆ ಇದನ್ನು ಇಟ್ಟುಕೊಳ್ಳುವುದು ರೂಢಿ. ಬಯಲಿನಲ್ಲಿ, ತಂಪು ಹೊತ್ತಿನಲ್ಲಿ, 20 ನಿಮಿಷ. ಅಂಗೈ ಹಿಂಭಾಗವನ್ನು ನೆಲದ ಮೇಲೆ 7 ಸೆಕೆಂಡ್ ಇಡಲಾಗದಷ್ಟು ಬಿಸಿಯಿದ್ದರೆ ನಾಯಿಯ ಪಾದಕ್ಕೂ ಬಿಸಿ. ನಾಯಿಗಳ ನಡುವೆ 2 ಮೀಟರ್ ಅಂತರ, ಕೊರಳಪಟ್ಟಿ ಹಗ್ಗ ಕಡ್ಡಾಯ. ಬೆಕ್ಕುಗಳು ಬುಟ್ಟಿಯಲ್ಲಿ, ಬುಟ್ಟಿಯ ಮೇಲೆ ಬಟ್ಟೆ. ಬೆದೆಗೆ ಬಂದ ನಾಯಿ, ರೋಗ ಬಂದ ಪ್ರಾಣಿ, ಜನರನ್ನು ಕಂಡರೆ ನಡುಗುವ ಪ್ರಾಣಿ ಮನೆಯಲ್ಲೇ ಇರಲಿ, ಅವುಗಳ ಫೋಟೋ ತಂದರೆ ಸಾಕು ಎಂದು ಮೊದಲೇ ಪ್ರಕಟಿಸಿ. ಧೂಪ ಬೇಡ, ಹಕ್ಕಿಗಳ ಉಸಿರಾಟ ಬಹಳ ಸೂಕ್ಷ್ಮ. ಗಂಟೆ, ಡ್ರಮ್ಮು ಬೇಡ. ನೀರನ್ನು ಮುಖಕ್ಕೆ ಚಿಮುಕಿಸದೆ, ಪಾದ್ರಿಯವರು ಬೆರಳು ಒದ್ದೆ ಮಾಡಿಕೊಂಡು, ಮಾಲೀಕರು ಒಪ್ಪಿದರೆ ಬೆನ್ನು ಮುಟ್ಟಲಿ.

ಓದಲು ಕೀರ್ತನೆ 104 ಅಥವಾ 148. "ನಿನ್ನ ಸಮಾಧಾನದ ಸಾಧನವಾಗಿ ನನ್ನನ್ನು ಮಾಡು" ಎಂಬ ಪ್ರಾರ್ಥನೆಯನ್ನು ಫ್ರಾನ್ಸಿಸರ ಹೆಸರಿನಲ್ಲಿ ಅಚ್ಚು ಹಾಕಿಸಬೇಡಿ. ಅದು ಮೊದಲು ಕಾಣಿಸಿಕೊಂಡದ್ದು 1912ರ ಒಂದು ಫ್ರೆಂಚ್ ಪತ್ರಿಕೆಯಲ್ಲಿ. ಸೂರ್ಯನನ್ನು ಅಣ್ಣನೆಂದೂ ನೀರನ್ನು ತಂಗಿಯೆಂದೂ ಕರೆದ ಸೃಷ್ಟಿಗೀತೆ ಅವರದೇ, 1225ರ ಆಸುಪಾಸಿನದು.

ಆ ದಿನ ಯಾವುದಾದರೂ ಮಗು "ಸತ್ತ ನನ್ನ ನಾಯಿ ಪರಲೋಕದಲ್ಲಿ ಇದೆಯಾ?" ಎಂದು ಕೇಳುತ್ತದೆ. ನಗಬೇಡಿ, ಇಲ್ಲದ ವಚನ ಹುಟ್ಟಿಸಬೇಡಿ. ಒಂದು ಗುಬ್ಬಿ ನೆಲಕ್ಕೆ ಬಿದ್ದರೂ ತಂದೆಗೆ ತಿಳಿಯುತ್ತದೆ ಎಂದು ಯೇಸು ಹೇಳಿದ್ದು (ಮತ್ತಾಯ 10:29) ಹೇಳಿ, ನಾಯಿಯ ಹೆಸರು ಕೇಳಿ ಪ್ರಾರ್ಥಿಸಿ.

ಹಂತ 7: ಲೆಕ್ಕ ಒಪ್ಪಿಸಿ

1989ರಲ್ಲಿ ಕಾನ್‌ಸ್ಟಾಂಟಿನೋಪಲಿನ ಆರ್ಥೊಡಾಕ್ಸ್ ಪಿತೃಪ್ರಧಾನ ಮೊದಲನೇ ದಿಮಿತ್ರಿಯೋಸರು ಸೆಪ್ಟೆಂಬರ್ 1ನ್ನು ಸೃಷ್ಟಿಗಾಗಿ ಪ್ರಾರ್ಥಿಸುವ ದಿನವೆಂದು ಸಾರಿದರು; 2015ರಲ್ಲಿ ಪೋಪ್ ಫ್ರಾನ್ಸಿಸ್ ಅದನ್ನು ಕಥೋಲಿಕ ಧರ್ಮಸಭೆಗೂ ತಂದರು. ಸೆಪ್ಟೆಂಬರ್ 1ರಿಂದ ಅಕ್ಟೋಬರ್ 4ರವರೆಗಿನ ದಿನಗಳನ್ನು ಹಲವು ಸಭೆಗಳು 'ಸೃಷ್ಟಿಕಾಲ' ಎಂದು ಆಚರಿಸುತ್ತವೆ. ವಾರ್ಷಿಕ ಲೆಕ್ಕಕ್ಕೆ ಇದೇ ಹೊಂದುವ ಸಮಯ.

ಒಂದೇ ಹಾಳೆ ಸಾಕು: ವಿದ್ಯುತ್ ಯೂನಿಟ್ ಕಳೆದ ವರ್ಷ ಎಷ್ಟು, ಈ ವರ್ಷ ಎಷ್ಟು, ಸೋರುವ ನಲ್ಲಿ ಎಷ್ಟು ಉಳಿದಿವೆ, ಶಸ್ತ್ರಚಿಕಿತ್ಸೆ, ಲಸಿಕೆ ಆದ ನಾಯಿ-ಬೆಕ್ಕು ಎಷ್ಟು, ನೆಟ್ಟ ಗಿಡಗಳಲ್ಲಿ ಬದುಕಿರುವುದು ಎಷ್ಟು. ನೆಟ್ಟದ್ದರ ಸಂಖ್ಯೆಯನ್ನಷ್ಟೇ ಬರೆದು ಬಿಡಬೇಡಿ. ಸತ್ತವಕ್ಕೆ ಕಾರಣವನ್ನೂ ಬರೆಯಿರಿ: ನೀರಿಲ್ಲ, ದನ ಮೇಯ್ದಿತು, ಆಳಕ್ಕೆ ನೆಟ್ಟರು. ಹಾಳೆಯನ್ನು ಹಣಕಾಸಿನ ವರದಿಯ ಜೊತೆಗೇ ಓದಿಸಿ, ಆಮೇಲೆ ಸೂಚನಾಫಲಕದಲ್ಲಿ ಮುಂದಿನ ಸೆಪ್ಟೆಂಬರಿನವರೆಗೂ ಇರಲಿ.